ಬಲ್ಬಿನ ಬೆಳಕು, 50 ಮಿ.ಮೀ. ಪ್ರೈಮ್ ಲೆನ್ಸ್: ಮೂಗುತಿ ಸ್ಪಷ್ಟ, ಕಣ್ಣು ಮಸುಕು

ಕಾನುಮನೆ:
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಈಗ ಅಡಿಕೆ ಸುಲಿಯುವ ಕಾಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ 9 ವ್ಯಾಟ್‌ನ ಒಂದೇ ಒಂದು ಎಲ್ಇಡಿ ಬಲ್ಬಿನ ಕೆಳಗೆ ಮೆಟ್ಟುಗತ್ತಿಗಳ (ಅಡಿಕೆ ಸುಲಿಯುವ ಮಣೆಗತ್ತಿಗಳ) ಸಾಲು ಕೂರುತ್ತದೆ. ಅಲ್ಲಿ ಕುಳಿತ ಅಜ್ಜಿಯ ಮುಖಚಿತ್ರವೊಂದನ್ನು ತೆಗೆದು, ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಬೇಕೆಂಬುದು ನನ್ನ ಆಸೆ. ನನ್ನಲ್ಲಿರುವುದು 24 ಮೆಗಾಪಿಕ್ಸೆಲ್‌ನ, ಎಪಿಎಸ್-ಸಿ (ಪೂರ್ಣ ಫ್ರೇಮಿಗಿಂತ ಚಿಕ್ಕ) ಸೆನ್ಸರಿನ, ಆರಂಭಿಕರಿಗೆಂದು ಮಾರುವ ಡಿಎಸ್ಎಲ್ಆರ್ ಮತ್ತು 50 ಮಿ.ಮೀ. ಎಫ್ 1.8 ಪ್ರೈಮ್ ಲೆನ್ಸ್ (ಜೂಮ್ ಇಲ್ಲದ್ದು). ಎಫ್ ಎಂಬುದು ಬೆಳಕು ಬರುವ ಕಿಂಡಿಯ, ಅಂದರೆ ಅಪರ್ಚರಿನ, ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8, 1/40 ಸೆಕೆಂಡ್ (ಶಟರ್ ತೆರೆದಿರುವ ಸಮಯ), ಐಎಸ್ಒ (ಬೆಳಕಿನ ಸೂಕ್ಷ್ಮತೆ) 1600 ಇಟ್ಟು, ಫೋಕಸ್ ಬಿಂದುವಿನ ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟು ತೆಗೆಯುತ್ತಿದ್ದೇನೆ.

ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿ ಹಿಗ್ಗಿಸಿದರೆ ಕೆಲವು ಚಿತ್ರಗಳಲ್ಲಿ ಅಜ್ಜಿಯ ಮೂಗುತಿ ಕೆತ್ತಿಟ್ಟಂತಿದ್ದು ಕಣ್ಣು ಮಸುಕಾಗಿರುತ್ತದೆ; ಇನ್ನು ಕೆಲವುಗಳಲ್ಲಿ ಮುಖವೆಲ್ಲವೂ ಮಸುಕು. ಅಂಗಡಿಯಲ್ಲಿ ಕೇಳಿದರೆ ಎಫ್ 1.4 ಲೆನ್ಸ್ ಕೊಳ್ಳಿ ಎನ್ನುತ್ತಾರೆ. ಲೆನ್ಸಿನಲ್ಲಿಯೇ ದೋಷವಿದೆಯೇ, ನಾನು ಬಳಸುವ ಕ್ರಮದಲ್ಲಿದೆಯೇ ಎಂದು ತಿಳಿದವರು ಹೇಳಬೇಕು.

ಎಫ್ ಎರಡು:
ದಯವಿಟ್ಟು ಹಣ ಕಳೆಯಬೇಡಿ. ಎಫ್ 1.8ರಿಂದ ಎಫ್ 1.4ಕ್ಕೆ ಹೋದರೆ ಸಿಗುವ ಹೆಚ್ಚುವರಿ ಬೆಳಕು ಒಂದು ಸ್ಟಾಪಿನ ಮೂರನೆಯ ಎರಡು ಭಾಗ ಮಾತ್ರ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಐಎಸ್ಒ 1600ರ ಬದಲು 1000 ಇಡಬಹುದು, ಅಷ್ಟೇ. ಅದಕ್ಕೆ ಪ್ರತಿಯಾಗಿ, ಈಗಲೇ ಸಾಲದಿರುವ ಫೋಕಸಿನ ಆಳ (ಮುಂದಿನಿಂದ ಹಿಂದಕ್ಕೆ ಸ್ಪಷ್ಟವಾಗಿ ಕಾಣುವ ಪಟ್ಟಿ) ಇನ್ನಷ್ಟು ತೆಳುವಾಗುತ್ತದೆ.

ಗಣಿತದ ಮೇಷ್ಟ್ರು:
ಆ ಆಳ ಎಷ್ಟು ತೆಳುವೆಂಬುದನ್ನು ಲೆಕ್ಕ ಮಾಡಿಯೇ ನೋಡೋಣ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್ 1.8ಕ್ಕೆ ತೆರೆದು ಒಂದು ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಕಾಣುವ ಪಟ್ಟಿಯ ಒಟ್ಟು ದಪ್ಪ ಮೂರು ಸೆಂಟಿಮೀಟರಿಗಿಂತಲೂ ಕಡಿಮೆ. ಅಂದರೆ ಫೋಕಸ್ ಬಿದ್ದ ಜಾಗದಿಂದ ಮುಂದಕ್ಕೆ ಒಂದೂಕಾಲು, ಹಿಂದಕ್ಕೆ ಒಂದೂಕಾಲು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೂಗಿನ ಹೊಳ್ಳೆಯಿಂದ ಕಣ್ಣಿನ ಪಾಪೆ ಅದಕ್ಕಿಂತ ಹಿಂದಿರುತ್ತದೆ. ಕ್ಯಾಮೆರಾ ಮೂಗುತಿಯನ್ನು ಹಿಡಿದರೆ ಕಣ್ಣು ಸಹಜವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಇದರಲ್ಲಿ ಲೆನ್ಸಿನ ತಪ್ಪೇನೂ ಇಲ್ಲ.

ಅದೇ ಲೆನ್ಸನ್ನು ಎಫ್ 2.8ಕ್ಕೆ ಇಳಿಸಿ ಒಂದೂವರೆ ಮೀಟರಿಗೆ ಹಿಂದೆ ಸರಿದರೆ ಆಳ ಒಂಬತ್ತು ಸೆಂಟಿಮೀಟರನ್ನು ದಾಟುತ್ತದೆ. ಆಗ ಮೂಗು, ಎರಡು ಕಣ್ಣು, ಕೆನ್ನೆಯ ಸುಕ್ಕು ಎಲ್ಲವೂ ಒಳಗೆ ಬರುತ್ತವೆ. ಅರ್ಧ ಮೀಟರ್ ಹಿಂದೆ ಸರಿದದ್ದರಿಂದ ಚೌಕಟ್ಟಿನ ಅಂಚು ಕತ್ತರಿಸಬೇಕಾದೀತು, ಆದರೆ 24 ಮೆಗಾಪಿಕ್ಸೆಲ್ ಇರುವುದು ಮತ್ತೇತಕ್ಕೆ?

ತುಂಗಾತೀರ:
50 ಮಿ.ಮೀ. ಬದಲು 35 ಮಿ.ಮೀ. ಲೆನ್ಸ್ ಹಾಕಿದರೆ ಆಳ ತಾನಾಗಿಯೇ ಹೆಚ್ಚುತ್ತದೆಯಲ್ಲ? ಮನೆಯೊಳಗೆ ಹಿಂದೆ ಸರಿಯಲು ಜಾಗವೂ ಬೇಕಾಗುವುದಿಲ್ಲ.

ಗಣಿತದ ಮೇಷ್ಟ್ರು:
ಇಲ್ಲ, ಇದು ಬಹಳ ಜನ ನಂಬಿರುವ ಮಾತು. ಮುಖವನ್ನು ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣಿಸಬೇಕಾದರೆ 35 ಮಿ.ಮೀ. ಹಿಡಿದವರು ಹತ್ತಿರ ಹೋಗಲೇಬೇಕು, ಹೋದೊಡನೆ ಗಳಿಸಿದ ಆಳವೆಲ್ಲ ಕಳೆದುಹೋಗುತ್ತದೆ. ಇದೇ ಅಪರ್ಚರಿನಲ್ಲಿ, ಮುಖದ ಗಾತ್ರವೂ ಇಷ್ಟೇ ಇದ್ದರೆ, ಎರಡರಲ್ಲೂ ಆಳ ಹೆಚ್ಚುಕಡಿಮೆ ಒಂದೇ. ಮೇಲಾಗಿ ಹತ್ತಿರ ಹೋದಷ್ಟೂ ಮೂಗು ದಪ್ಪವಾಗಿ, ಕಿವಿ ಸಣ್ಣದಾಗಿ ಕಾಣುತ್ತದೆ. ಅಜ್ಜಿ ಮೆಚ್ಚಲಾರರು.

ಹಳೆಯ ಡಾರ್ಕ್‌ರೂಮ್:
ಎಲ್ಲರೂ ಮದ್ದು ಹೇಳುವ ಅವಸರದಲ್ಲಿದ್ದೀರಿ, ರೋಗ ಯಾವುದೆಂದು ಯಾರೂ ನೋಡಿದಂತಿಲ್ಲ. ಕಾನುಮನೆಯವರು ಎರಡು ಬಗೆಯ ಚಿತ್ರಗಳ ಬಗ್ಗೆ ಬರೆದಿದ್ದಾರೆ: ಒಂದರಲ್ಲಿ ಮೂಗುತಿ ಸ್ಪಷ್ಟ, ಇನ್ನೊಂದರಲ್ಲಿ ಯಾವುದೂ ಸ್ಪಷ್ಟವಿಲ್ಲ. ಇವೆರಡರ ಕಾರಣ ಬೇರೆ ಬೇರೆ.

ಮುಖವೆಲ್ಲ ಮಸುಕಾಗಿರುವ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಮೂಗುತಿಯ ಹರಳಿನ ಮೇಲೆ ಬಿದ್ದ ಬಲ್ಬಿನ ಹೊಳಪನ್ನು ಮಾತ್ರ ನೋಡಿ. ಆ ಹೊಳಪು ದುಂಡಗೆ ಹರಡಿದ್ದರೆ ಫೋಕಸ್ ತಪ್ಪಿದೆ. ಒಂದು ದಿಕ್ಕಿಗೆ ಗೆರೆಯಂತೆ ಎಳೆದಿದ್ದರೆ ಏನೋ ಅಲುಗಿದೆ. ಅಲುಗಿದ್ದು ಯಾವುದೆಂದು ತಿಳಿಯಲು ಹಿಂದಿನ ಕಂಬವನ್ನೋ ಮೆಟ್ಟುಗತ್ತಿಯ ಮಣೆಯನ್ನೋ ನೋಡಬೇಕು. ಅಲ್ಲಿಯೂ ಅದೇ ದಿಕ್ಕಿನ ಎಳೆತವಿದ್ದರೆ ನಿಮ್ಮ ಕೈ ಅಲುಗಿದೆ. ಅವು ಸ್ಥಿರವಾಗಿದ್ದು ಮುಖ ಮಾತ್ರ ಎಳೆದಿದ್ದರೆ ಅಲುಗಿದವರು ಅಜ್ಜಿ. ಟ್ರೈಪಾಡ್ ಕೈ ಅಲುಗುವುದನ್ನು ತಡೆಯುತ್ತದೆಯೇ ಹೊರತು ಅಜ್ಜಿ ಅಲುಗುವುದನ್ನಲ್ಲ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಕೈಯ ಅಲುಗಾಟ ತಗ್ಗಿಸುವ ವ್ಯವಸ್ಥೆ) ಇದ್ದರೂ ಇದೇ ಮಾತು ಅನ್ವಯಿಸುತ್ತದೆ.

ಕಾನುಮನೆ:
ಎಲ್ಲ ಚಿತ್ರಗಳನ್ನೂ ಮತ್ತೆ ತೆರೆದು ನೋಡಿದೆ. ಹೊಳಪು ಓರೆಯಾಗಿ ಎಳೆದಿರುವುದೇ ಹೆಚ್ಚು, ಆದರೆ ಮೆಟ್ಟುಗತ್ತಿಯ ಮಣೆ ಸ್ಥಿರವಾಗಿದೆ. ಒಂದೊಂದು ಅಡಿಕೆ ಸುಲಿಯುವಾಗಲೂ ಅಜ್ಜಿ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಾರೆ, ಅದೇ ಕಾರಣವಿರಬೇಕು.

ಎಫ್ ಎರಡು:
ಹಾಗಿದ್ದರೆ 1/40 ಎಂಬುದು ಏನೇನೂ ಸಾಲದು. ಎಪಿಎಸ್-ಸಿಯಲ್ಲಿ 50 ಮಿ.ಮೀ. ಎಂದರೆ ಪೂರ್ಣ ಫ್ರೇಮಿನ ಲೆಕ್ಕಕ್ಕೆ ನಿಕಾನ್‌ನಲ್ಲಿ 75, ಕ್ಯಾನನ್‌ನಲ್ಲಿ 80 ಮಿ.ಮೀ. ಇದ್ದಂತೆ, ಕೈಯಲ್ಲಿ ಹಿಡಿದು ತೆಗೆಯಲು 1/80 ಕನಿಷ್ಠ. ಅದೂ ನಮ್ಮ ಕೈಯ ಲೆಕ್ಕ ಮಾತ್ರ. ಕುಳಿತು ಮಾತಾಡುತ್ತಿರುವವರಿಗೆ 1/125, ಮಕ್ಕಳಿಗೆ 1/250 ಆದರೂ ಬೇಕು.

ತುಂಗಾತೀರ:
1/125 ಮತ್ತು ಎಫ್ 2.8 ಎರಡೂ ಬೇಕೆಂದರೆ ಐಎಸ್ಒ 6400ನ್ನೂ ಮೀರಬೇಕಾಗುತ್ತದೆ. ಇರಲಿ, ಏರಿಸಿ. ನಾಯ್ಸ್ (ಕಾಳುಕಾಳು) ಬಂದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲು ಬಾರದು. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆದಿಟ್ಟುಕೊಂಡರೆ ಇಂದಿನ ತಂತ್ರಾಂಶಗಳು ಐಎಸ್ಒ 6400ರ ಕಾಳುಕಾಳನ್ನು ಚೆನ್ನಾಗಿಯೇ ನಿಭಾಯಿಸುತ್ತವೆ.

ಬಿಳಿಪರದೆ:
ಇದನ್ನು ನಾನು ಒಪ್ಪುವುದಿಲ್ಲ. ವಯಸ್ಸಾದವರ ಮುಖದ ಜೀವವೇ ಅದರ ಸಣ್ಣ ಗೆರೆಗಳಲ್ಲಿದೆ. ಐಎಸ್ಒ ಏರಿಸಿ, ಆಮೇಲೆ ತಂತ್ರಾಂಶದಿಂದ ಉಜ್ಜಿದರೆ ಗೆರೆಗಳೂ ಕಾಳುಗಳ ಜೊತೆಗೇ ಹೋಗಿ ಮುಖ ಮೇಣದ ಗೊಂಬೆಯಂತಾಗುತ್ತದೆ. ಕ್ಯಾಮೆರಾದ ಅಂಕಿಗಳನ್ನು ತಿರುಗಿಸುವ ಮುನ್ನ ಬಲ್ಬನ್ನು ಏಕೆ ಯಾರೂ ಮುಟ್ಟುತ್ತಿಲ್ಲ?

9 ವ್ಯಾಟ್‌ನ ಎಲ್ಇಡಿ ಬಲ್ಬ್ ಸುಮಾರು 800ರಿಂದ 900 ಲ್ಯೂಮೆನ್ ಬೆಳಕು ಕೊಡುತ್ತದೆ. ಅದು ಮುಖದಿಂದ ಎರಡು ಮೀಟರ್ ಮೇಲೆ ನೇತಾಡುತ್ತಿದ್ದರೆ ಮುಖಕ್ಕೆ ತಲುಪುವುದು ಅತ್ಯಲ್ಪ. ಅದೇ ಬಲ್ಬನ್ನು ಉದ್ದನೆಯ ವೈರ್ ಹಾಕಿ ಒಂದು ಮೀಟರಿಗೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಅಂದರೆ ಎರಡು ಸ್ಟಾಪ್. ಲೆನ್ಸ್ ಬದಲಿಸಿದರೆ ಸಿಗುವುದರ ಮೂರು ಪಟ್ಟು, ಐವತ್ತು ರೂಪಾಯಿಯ ವೈರಿನಲ್ಲಿ! ನೇರ ತಲೆಯ ಮೇಲೆ ಮಾತ್ರ ತರಬೇಡಿ, ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಮುಖಕ್ಕಿಂತ ತುಸು ಎತ್ತರದಲ್ಲಿ, ಒಂದು ಪಕ್ಕದಿಂದ ಬರಲಿ. ಇನ್ನೊಂದು ಪಕ್ಕದಲ್ಲಿ ಥರ್ಮೋಕೋಲ್ ಹಾಳೆಯನ್ನೋ ಮಡಿಸಿದ ಬಿಳಿ ಪಂಚೆಯನ್ನೋ ನಿಲ್ಲಿಸಿ. ಕಣ್ಣಿನೊಳಗೆ ಬಲ್ಬಿನ ಚುಕ್ಕಿ ಮೂಡಿದರೆ ಚಿತ್ರ ಅರ್ಧ ಗೆದ್ದಂತೆ, ಏಕೆಂದರೆ ನೋಡುವವರಿಗೆ ಸ್ಪಷ್ಟತೆಯ ಅನುಭವ ಬರುವುದು ಬಹುಮಟ್ಟಿಗೆ ಆ ಚುಕ್ಕಿಯಿಂದ.

ಹಳೆಯ ಡಾರ್ಕ್‌ರೂಮ್:
ಬಿಳಿಪರದೆಯವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿ 1959ರ ಹಿಂದಿ ಚಿತ್ರವೊಂದಕ್ಕೆ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಬೆಳಕಿನ ಕೋಲನ್ನು ನಿಲ್ಲಿಸಿದರು. ಆ ದೃಶ್ಯದ ಬಗ್ಗೆ ಛಾಯಾಗ್ರಾಹಕರು ಇಂದಿಗೂ ಮಾತಾಡುತ್ತಾರೆ. ಅಂಥವರ ನಾಡಿನಲ್ಲಿ ಒಂದು ಬಲ್ಬ್ ಸರಿಸಲು ನಾವು ಹಿಂದೆಮುಂದೆ ನೋಡಬಾರದು. ಅಡಿಕೆ ಸುಲಿಯುವ ದೃಶ್ಯವೇ ಬೇಕೆಂಬ ಹಟ ಇಲ್ಲದಿದ್ದರೆ ಹಗಲಿನಲ್ಲಿ ಬಾಗಿಲ ಪಕ್ಕ ಕೂರಿಸಿ ತೆಗೆದುಬಿಡಿ. ನೇರ ಬಿಸಿಲು ಬೀಳದ ಬಾಗಿಲಿಗಿಂತ ಒಳ್ಳೆಯ ದೀಪವನ್ನು ನಾನಂತೂ ಕಂಡಿಲ್ಲ.

ಕಾನುಮನೆ:
ಅಡಿಕೆ ಸುಲಿಯುವುದೇ ಬೇಕು. ಹಗಲಿನಲ್ಲಿ ಕೂರಿಸಿದರೆ ಅಜ್ಜಿ ಮದುವೆಯ ಫೋಟೋಕ್ಕೆ ನಿಂತವರಂತೆ ಬಿಗಿದುಕೊಳ್ಳುತ್ತಾರೆ.

ತುಂಗಾತೀರ:
ಬೆಳಕು ಸರಿಸುವುದನ್ನು ನಾನೂ ಬೇಡವೆನ್ನುವುದಿಲ್ಲ. ಆದರೆ ಗೆರೆಗಳು ಅಳಿದುಹೋಗುತ್ತವೆಂಬ ಭಯ ಬರುವುದು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡುವುದರಿಂದ. 6000 ಪಿಕ್ಸೆಲ್ ಅಗಲದ ಚಿತ್ರವನ್ನು 12 ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ 500 ಪಿಕ್ಸೆಲ್ ಕೂರುತ್ತವೆ. ಸಾಮಾನ್ಯ ಮುದ್ರಣಕ್ಕೆ ಬೇಕಾದದ್ದು 300. ಆ ಗಾತ್ರದಲ್ಲಿ ಐಎಸ್ಒ 3200ರ ಕಾಳುಗಳು ಕಣ್ಣಿಗೆ ಬೀಳುವುದೇ ಕಷ್ಟ, ಆದ್ದರಿಂದ ಉಜ್ಜುವ ಅಗತ್ಯವೂ ಇಲ್ಲ.

ಬಿಳಿಪರದೆ:
ಉಜ್ಜದೆ ಬಿಡುವುದಾದರೆ ನನ್ನ ತಕರಾರಿಲ್ಲ.

ಹೊಸ ಮಿರರ್‌ಲೆಸ್:
ಇಷ್ಟೆಲ್ಲ ಲೆಕ್ಕ ಏಕೆ? ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳು ಕಣ್ಣನ್ನು ತಾವೇ ಗುರುತಿಸಿ, ಮುಖ ಅಲುಗಿದರೂ ಅದನ್ನೇ ಹಿಂಬಾಲಿಸುತ್ತವೆ. ಹಳೆಯ ಡಿಎಸ್ಎಲ್ಆರ್ ಮಾರಿ ಬದಲಾಯಿಸಿಕೊಳ್ಳುವುದೇ ಸರಿಯಾದ ಪರಿಹಾರ.

ಎಫ್ ಎರಡು:
ಕೇಳಿದ್ದು ಇರುವ ಕ್ಯಾಮೆರಾದಲ್ಲಿ ಹೇಗೆಂದು. ಕಣ್ಣು ಹುಡುಕುವ ಕ್ಯಾಮೆರಾ ಕೂಡ 1/40ರಲ್ಲಿ ಬಾಗುತ್ತಿರುವ ಅಜ್ಜಿಯನ್ನು ನಿಲ್ಲಿಸಲಾರದು.

ಇರುವುದರಲ್ಲಿ ಮಾಡಬೇಕಾದದ್ದು ಇಷ್ಟು. ಫೋಕಸ್ ಬಿಂದುವಿನ ಆಯ್ಕೆಯನ್ನು ಕ್ಯಾಮೆರಾಕ್ಕೆ ಬಿಡುವುದನ್ನು ಇಂದೇ ನಿಲ್ಲಿಸಿ; ಅದು ಹತ್ತಿರದ, ಹೊಳೆಯುವ ವಸ್ತುವಿನ ಕಡೆಗೇ ಜಾರುವುದು ಹೆಚ್ಚು. ನಿಮ್ಮ ಮನೆಯಲ್ಲಿ ಅದು ಮೂಗುತಿ, ಇನ್ನೊಬ್ಬರ ಮನೆಯಲ್ಲಿ ಕನ್ನಡಕದ ಚೌಕಟ್ಟು. ಒಂದೇ ಬಿಂದುವನ್ನು ಆರಿಸಿ ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲಿಡಿ. ಆರಂಭಿಕ ದರ್ಜೆಯ ಅನೇಕ ಡಿಎಸ್ಎಲ್ಆರ್‌ಗಳಲ್ಲಿ ನಡುವಿನ ಬಿಂದು ಮಾತ್ರ ಕ್ರಾಸ್ ಮಾದರಿಯದು, ಅಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುತ್ತದೆ. ಮಂದ ಬೆಳಕಿನಲ್ಲಿ ನಂಬಬಹುದಾದದ್ದು ಅದೊಂದೇ.

ತುಂಗಾತೀರ:
ಹಾಗಾದರೆ ನಡುವಿನ ಬಿಂದುವಿನಿಂದ ಕಣ್ಣಿಗೆ ಫೋಕಸ್ ಮಾಡಿ, ಗುಂಡಿಯನ್ನು ಅರ್ಧ ಒತ್ತಿಯೇ ಹಿಡಿದುಕೊಂಡು ಚೌಕಟ್ಟನ್ನು ಸರಿಪಡಿಸಿಕೊಂಡರಾಯಿತು.

ಗಣಿತದ ಮೇಷ್ಟ್ರು:
ದೂರದಿಂದ ತೆಗೆಯುವಾಗ ಸರಿ, ಹತ್ತಿರದಲ್ಲಿ ಅಪಾಯ. ಒಂದು ಮೀಟರ್ ದೂರದ ಕಣ್ಣಿಗೆ ಫೋಕಸ್ ಮಾಡಿ ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದರೆ ಫೋಕಸಿನ ಸಮತಲ ಕಣ್ಣಿನಿಂದ ಸುಮಾರು ಮೂರೂವರೆ ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತದೆ. ಎಫ್ 1.8ರಲ್ಲಿ ಸ್ಪಷ್ಟವಾಗುವುದು ಕಿವಿಯ ಓಲೆಯತ್ತ ಇರುವ ಭಾಗ. ಕಣ್ಣನ್ನು ನಡುವಿನಲ್ಲೇ ಇಟ್ಟು ತೆಗೆದು, ಬೇಡದ ಭಾಗವನ್ನು ಆಮೇಲೆ ಕತ್ತರಿಸುವುದು ಲೇಸು.

ಹಳೆಯ ಡಾರ್ಕ್‌ರೂಮ್:
ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ನೋಡಿ ಕೈಯಿಂದಲೇ ಫೋಕಸ್ ಮಾಡುತ್ತೇನೆಂದು ಯಾರಾದರೂ ಹೊರಡುವ ಮೊದಲೇ ಒಂದು ಮಾತು. ಇಂದಿನ ಡಿಎಸ್ಎಲ್ಆರ್‌ಗಳ ಫೋಕಸಿಂಗ್ ಪರದೆ ತೋರಿಸುವ ಆಳ ಸುಮಾರು ಎಫ್ 2.8ರದ್ದು; ಲೆನ್ಸ್ 1.8ಕ್ಕೆ ತೆರೆದಿದ್ದರೂ ಕಣ್ಣಿಗೆ ಆ ತೆಳುತನ ಕಾಣುವುದಿಲ್ಲ. ಸ್ಥಿರವಾಗಿ ಕುಳಿತವರಾದರೆ ಲೈವ್ ವ್ಯೂ (ಹಿಂಬದಿಯ ಪರದೆಯಲ್ಲೇ ಬಿಂಬ ನೋಡುವ ವಿಧಾನ) ಹಾಕಿ, ಕಣ್ಣನ್ನು ಹತ್ತು ಪಟ್ಟು ಹಿಗ್ಗಿಸಿಕೊಂಡು ಫೋಕಸ್ ಮಾಡಿ. ಅಲ್ಲಿ ಸೆನ್ಸರಿನ ಮೇಲೆ ಬಿದ್ದ ಬಿಂಬವೇ ನೇರವಾಗಿ ಕಾಣುವುದರಿಂದ, ಡಿಎಸ್ಎಲ್ಆರ್ ಒಳಗಿನ ಕನ್ನಡಿಯ ದಾರಿಯಲ್ಲಿ ಬರುವ ಮುಂದು ಹಿಂದಿನ ವ್ಯತ್ಯಾಸ ಇರುವುದಿಲ್ಲ. ಲೆನ್ಸಿನಲ್ಲಿ ದೋಷವಿದೆಯೇ ಎಂದು ಪರೀಕ್ಷಿಸುವ ಕ್ರಮವೂ ಇದೇ: ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಓರೆಯಾಗಿ ಇಟ್ಟ ದಿನಪತ್ರಿಕೆಯ ಒಂದೇ ಸಾಲನ್ನು ಎರಡೂ ವಿಧಾನದಲ್ಲಿ ತೆಗೆಯಿರಿ. ಲೈವ್ ವ್ಯೂನಲ್ಲಿ ಆ ಸಾಲು ಸ್ಪಷ್ಟವಾಗಿದ್ದು, ವ್ಯೂಫೈಂಡರಿನಲ್ಲಿ ಪ್ರತಿ ಸಲವೂ ಅದರ ಹಿಂದಿನದೋ ಮುಂದಿನದೋ ಸ್ಪಷ್ಟವಾದರೆ ಮಾತ್ರ ಸರ್ವಿಸಿಗೆ ಕೊಡುವ ಮಾತು.

ಚೌಕಿಯ ಹಿಂದೆ:
ನಾನು ಹೆಚ್ಚಾಗಿ ತೆಗೆಯುವುದು ಬಡಗುತಿಟ್ಟಿನ ಯಕ್ಷಗಾನ ಮೇಳಗಳ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ), ವೇಷ ಕಟ್ಟಿಕೊಳ್ಳುವ ಕಲಾವಿದರನ್ನು. ಅಲ್ಲಿಯೂ ಕತ್ತಲೆಯೇ, ಆದರೆ ಬಣ್ಣ ಹಚ್ಚಿಕೊಳ್ಳುವವರು ಕನ್ನಡಿ ಮತ್ತು ದೀಪವನ್ನು ಮುಖದ ಹತ್ತಿರವೇ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಚೌಕಿಯೆಲ್ಲ ಕಪ್ಪಾಗಿದ್ದರೂ ಮುಖಕ್ಕೆ ಬೇಕಾದಷ್ಟು ಬೆಳಕು ಇದ್ದೇ ಇರುತ್ತದೆ. ಕ್ಯಾಮೆರಾದ ಬೆಳಕಿನ ಅಳತೆ ಸುತ್ತಲಿನ ಕತ್ತಲೆಯನ್ನೂ ಲೆಕ್ಕಕ್ಕೆ ಹಿಡಿದು ಶಟರನ್ನು ಬೇಕಿಲ್ಲದೆ ನಿಧಾನ ಮಾಡುತ್ತದೆ. ಸ್ಪಾಟ್ ಮೀಟರಿಂಗ್ ಹಾಕಿ ಕೆನ್ನೆಯನ್ನು ಮಾತ್ರ ಅಳೆದರೆ ಎಷ್ಟೋ ಸಲ ಒಂದು ಸ್ಟಾಪಿಗಿಂತ ಹೆಚ್ಚು ವೇಗ ಉಳಿಯುತ್ತದೆ. ಕಾನುಮನೆಯವರ ಜಗಲಿಯಲ್ಲಿಯೂ ಹಿಂದಿನ ಗೋಡೆ ಕಪ್ಪಾಗಿಯೇ ಇರಲಿ, ಏನೂ ನಷ್ಟವಿಲ್ಲ.

ಇನ್ನೊಂದು ಸಂಗತಿ. ಹಣೆಯ ಮೇಲೆ ನಾಮ ಎಳೆದುಕೊಳ್ಳುವ ಕಲಾವಿದ ಕಡ್ಡಿಯನ್ನು ಎತ್ತಿ ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳುತ್ತಾನೆ. ಆ ಕ್ಷಣದಲ್ಲಿ ಕೈ, ಕುತ್ತಿಗೆ, ಉಸಿರು ಎಲ್ಲವೂ ನಿಂತಿರುತ್ತವೆ. ನಾನು ಗುಂಡಿ ಒತ್ತುವುದು ಆಗ ಮಾತ್ರ. ಅಡಿಕೆ ಸುಲಿಯುವವರಲ್ಲಿಯೂ ಅಂಥ ತಡೆ ಇದೆ: ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿ ಮುಂದಿನದಕ್ಕೆ ಕೈ ಚಾಚುವ ಮುನ್ನ, ಹಿಂದಕ್ಕೆ ಬಂದ ಮೈ ಒಂದು ಗಳಿಗೆ ನಿಲ್ಲುತ್ತದೆ. ಅಲ್ಲಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು, ಕಂಬಕ್ಕೆ ಬೆನ್ನು ಕೊಟ್ಟು ಕಾಯಿರಿ, ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೆ ತೆಗೆಯಿರಿ.

ಸುಮ್ಮನೆ ಓದುವವಳು:
ನಿಮ್ಮೆಲ್ಲರ ಚರ್ಚೆ ನೋಡಿದರೆ ಅಜ್ಜಿ ಎಂದರೆ ಎರಡು ಕಣ್ಣು ಮತ್ತು ಒಂದು ಮೂಗುತಿ ಎಂಬಂತಿದೆ. ಸ್ವಲ್ಪ ಮಸುಕಿದ್ದರೆ ಏನಾಯಿತು? ಹಳೆಯ ಆಲ್ಬಮ್ಮಿನಲ್ಲಿ ನಾವು ಎತ್ತಿ ಎತ್ತಿ ನೋಡುವ ಚಿತ್ರಗಳಲ್ಲಿ ಎಷ್ಟೋ ಅಲುಗಿದವೇ ಆಗಿವೆ.

ಹಳೆಯ ಡಾರ್ಕ್‌ರೂಮ್:
ನಿಜ, ಆದರೆ ಅಲ್ಲಿ ಅಲುಗಿದ್ದು ಕೈಯೋ ಸೆರಗೋ ಆಗಿರುತ್ತದೆ. ಕೈ ಎಷ್ಟು ಬೇಕಾದರೂ ಅಲುಗಲಿ, ಸುಲಿತದ ವೇಗ ಅದರಿಂದಲೇ ಕಾಣುತ್ತದೆ. ಕಣ್ಣು ಅಲುಗಿದ ಚಿತ್ರವನ್ನು ಗೋಡೆಗೆ ಹಾಕಿದವರನ್ನು ನಾನು ಸ್ಟುಡಿಯೋ ನಡೆಸಿದಷ್ಟು ಕಾಲವೂ ನೋಡಲಿಲ್ಲ.

ತುಂಗಾತೀರ:
ಫ್ಲ್ಯಾಶ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಚಾವಣಿಗೆ ಬೌನ್ಸ್ ಮಾಡಿದರೆ ಮೆತ್ತನೆಯ ಬೆಳಕೂ ಸಿಗುತ್ತದೆ, ಅಲುಗಾಟವೂ ನಿಲ್ಲುತ್ತದೆ.

ಬಿಳಿಪರದೆ:
ಬೆಂಗಳೂರಿನ ಫ್ಲ್ಯಾಟಿನ ಬಿಳಿ ಚಾವಣಿಗೆ ಹೇಳಬಹುದಾದ ಮಾತು. ಶಿರಸಿಯ ಹಳೆಯ ಮನೆಯಲ್ಲಿ ಮೇಲಿರುವುದು ಹಲಗೆಯ ಮುಚ್ಚಿಗೆ, ಇಲ್ಲವೇ ಹೊಗೆ ಹಿಡಿದ ಹೆಂಚು. ಹಲಗೆಗೆ ಬಡಿದು ಬರುವ ಬೆಳಕು ಕಡಿಮೆ, ಬಂದದ್ದೂ ಕಂದು. ಹೆಂಚಿಗೆ ಬಡಿದದ್ದು ವಾಪಸು ಬರುವುದೇ ಇಲ್ಲ. ಮಾಡಲೇಬೇಕೆಂದರೆ ಸುಣ್ಣ ಬಳಿದ ಪಕ್ಕದ ಗೋಡೆಗೆ ತಿರುಗಿಸಿ.

ಎಫ್ ಎರಡು:
ಬಲ್ಬಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ಹಳೆಯ ಚೋಕಿನ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್ಇಡಿ ಬಲ್ಬ್ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರನ್ನು 1/200, 1/250ಕ್ಕೆ ಏರಿಸಿದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತದೆ, ಕೆಲವೊಮ್ಮೆ ಅಡ್ಡ ಪಟ್ಟೆಗಳೂ ಮೂಡುತ್ತವೆ. 1/100 ಇಟ್ಟರೆ ಒಂದು ಪೂರ್ಣ ಮಿನುಗು ಒಳಗೆ ಬರುವುದರಿಂದ ಎಲ್ಲ ಚಿತ್ರಗಳೂ ಸಮನಾಗಿರುತ್ತವೆ. ನಾನು ಮೇಲೆ 1/125 ಎಂದದ್ದು ಸಾಮಾನ್ಯ ಲೆಕ್ಕ. ಚೌಕಿಯವರು ಹೇಳಿದ ತಡೆಯನ್ನು ಕಾಯುವುದಾದರೆ ಈ ಜಗಲಿಗೆ 1/100 ಸಾಕು.

ಕಾನುಮನೆ:
ನಿನ್ನೆ ರಾತ್ರಿ ಪ್ರಯತ್ನಿಸಿದೆ. ಬಲ್ಬನ್ನು ವೈರಿನಿಂದ ಇಳಿಸಿ ಅಜ್ಜಿಯ ಎಡಗಡೆ ಸುಮಾರು ಒಂದು ಮೀಟರಿಗೆ ಕಟ್ಟಿದೆ, ಬಲಗಡೆ ಕುರ್ಚಿಯ ಬೆನ್ನಿಗೆ ಪಂಚೆ ಹರಡಿದೆ. ಎಫ್ 2.8, 1/100, ಐಎಸ್ಒ 3200, ನಡುವಿನ ಬಿಂದು ಎಡಗಣ್ಣಿನ ಮೇಲೆ. ಚೌಕಿಯವರು ಹೇಳಿದ ತಡೆ ಸಿಕ್ಕಿತು, ರೆಪ್ಪೆಯ ಕೂದಲುಗಳನ್ನು ಎಣಿಸಬಹುದು. ಕೈ ಮತ್ತು ಅಡಿಕೆ ತುಸು ಅಲುಗಿವೆ, ಅದು ಚೆನ್ನಾಗಿಯೇ ಕಾಣುತ್ತಿದೆ. ಬೆಳಕು ಚೆನ್ನಾಗಿದೆಯೆಂದು ಎಲ್ಲರೂ ಅಜ್ಜಿಯ ಪಕ್ಕಕ್ಕೇ ಮೆಟ್ಟುಗತ್ತಿ ಎಳೆದುಕೊಂಡು ಬಂದದ್ದು ಮಾತ್ರ ಹೊಸ ತೊಂದರೆ.

ಇನ್ನೊಂದು ಪ್ರಶ್ನೆಯಿದೆ. ನನ್ನ ದೊಡ್ಡಪ್ಪನವರನ್ನೂ ಹೀಗೆಯೇ ತೆಗೆಯಬೇಕು. ಅವರು ದಪ್ಪ ಗಾಜಿನ ಕನ್ನಡಕ ಹಾಕುತ್ತಾರೆ, ಬಲ್ಬು ಕೆಳಗೆ ಬಂದ ಮೇಲೆ ಗಾಜಿನ ಮೇಲೆ ಬಿಳಿಯ ಮಚ್ಚೆ ಬಿದ್ದು ಕಣ್ಣೇ ಕಾಣುತ್ತಿಲ್ಲ.

ಹಳೆಯ ಡಾರ್ಕ್‌ರೂಮ್:
ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲಿಂದ ಒಂದು ಬೆರಳಿನಷ್ಟು ಎತ್ತಿಡಲು ಹೇಳಿ. ಗಾಜು ಮುಂದಕ್ಕೆ ವಾಲಿ, ಅದಕ್ಕೆ ಬಡಿದ ಬೆಳಕು ಕ್ಯಾಮೆರಾಕ್ಕೆ ಬಾರದೆ ಕೆಳಗೆ ಹೋಗುತ್ತದೆ, ಎದುರಿನಿಂದ ನೋಡಿದರೆ ಎತ್ತಿದ್ದು ತಿಳಿಯುವುದೂ ಇಲ್ಲ. ಸಾಲದಿದ್ದರೆ ಬಲ್ಬನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ. ಫೋಕಸ್ ಬಿಂದು ಚೌಕಟ್ಟನ್ನು ಹಿಡಿಯದಂತೆ ನೋಡಿಕೊಳ್ಳಿ. ದೊಡ್ಡಪ್ಪ ಕದಲದೆ ಕೂರುವವರಾದರೆ ಲೈವ್ ವ್ಯೂ ಬಳಸಿ.

ಕಾನುಮನೆ:
ಅವರು ಸುಲಿಯುವುದಕ್ಕಿಂತ ತೂಕಡಿಸುವುದೇ ಹೆಚ್ಚು, ಕದಲುವ ಚಿಂತೆಯಿಲ್ಲ. ಕಡ್ಡಿ ಎತ್ತಿಸಿ ನೋಡುತ್ತೇನೆ.